ಗಂಡು ಹೆಣ್ಣು ಬೇರ್ಪಡಿಸುವ ಕೈ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಹಿರೇಕೆರೂರಿನಿಂದ ಹಂಸಭಾವಿಯ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹಿಪ್ಪುನೇರಳೆ ತೋಟ ಶುರುವಾಗುವಲ್ಲಿ, ಹಂಚಿನ ಉದ್ದನೆಯ ಕಟ್ಟಡವೊಂದರ ಮುಂದೆ ಫಕ್ಕೀರವ್ವ ಚಪ್ಪಲಿ ಬಿಡುತ್ತಾಳೆ. ಮೂಗು ಬಾಯಿ ಮುಚ್ಚುವಂತೆ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಬಾಗಿಲಲ್ಲಿಟ್ಟ ಔಷಧಿ ನೀರಿನಲ್ಲಿ ಕಾಲು ಅದ್ದಿ, ಒಳಗೆ ಹೋಗಿ ದೀಪ ಹಾಕುತ್ತಾಳೆ.

ದೀಪ ಹತ್ತಿದ್ದೇ ತಡ, ಕೋಣೆಗೆ ಜೀವ ಬರುತ್ತದೆ. ಗೋಡೆಯುದ್ದಕ್ಕೂ ಜೋಡಿಸಿದ ಬಿದಿರಿನ ತಟ್ಟೆಗಳಲ್ಲಿ, ಭತ್ತದ ಹೊಟ್ಟಿನ ಮೇಲೆ ಗೂಡಿನಿಂದ ತೆಗೆದಿಟ್ಟ, ಕಲ್ಲಿನಂತೆ ಬಿದ್ದಿದ್ದ ಕಂದು ಹುಳುಗಳು ಬೆನ್ನು ಬಿರಿದು, ಒದ್ದೆ ರೆಕ್ಕೆಯ ಬಿಳಿ ಪತಂಗಗಳಾಗಿ ಹೊರಬರುತ್ತವೆ. ರೇಷ್ಮೆ ಪತಂಗ ಹುಟ್ಟುವುದು ಬೆಳಕು ಹರಿಯುವ ಹೊತ್ತಿಗೆ. ಕೋಣೆಯನ್ನು ಕತ್ತಲಾಗಿಟ್ಟು ಐದಕ್ಕೆ ಸರಿಯಾಗಿ ದೀಪ ಹಾಕಿದರೆ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಏಳುತ್ತವೆ.

ಇದು ಹೆಣ್ಣುಗಳ ಕೋಣೆ. ಗಂಡುಗಳು ಪಕ್ಕದ ಕೋಣೆಯಲ್ಲಿವೆ. ಇಲ್ಲಿ ಒಂದು ಗಂಡು ತಪ್ಪಿ ಸೇರಿಕೊಂಡಿದ್ದರೂ ರೆಕ್ಕೆ ಒಣಗುವ ಮೊದಲೇ ಅದು ಜೋಡಿ ಕಟ್ಟುತ್ತದೆ. ಫಕ್ಕೀರವ್ವ ತಟ್ಟೆಯಿಂದ ತಟ್ಟೆಗೆ ನಿಧಾನವಾಗಿ ಸರಿಯುತ್ತಾಳೆ. ನಾಲ್ಕನೆಯ ತಟ್ಟೆಯ ಮುಂದೆ ನಿಂತು ಎರಡು ಬೆರಳಲ್ಲಿ ಒಂದನ್ನು ಎತ್ತಿ, ಪತ್ರಿಕೆಗೆ ಬರೆಯಲು ಬಂದವರಿಗೆ ತೋರಿಸುತ್ತಾಳೆ.

“ಇಲ್ಲಿ ನೋಡ್ರಿ, ರೆಕ್ಕಿ ಪಟಪಟ ಬಡದು ಗಿರಕಿ ಹೊಡ್ಯಾಕತ್ತೈತಿ. ಇದು ಗಂಡು. ಹೆಣ್ಣು ಹಂಗ ಮಾಡಂಗಿಲ್ಲ. ಹೊಟ್ಟಿ ತುಂಬ ಮೊಟ್ಟಿ ಹೊತ್ಕೊಂಡು ಕುಂತಲ್ಲೇ ಕುಂತಿರತೈತಿ.”

ಆರೂವರೆಗೆ ಕೋಣೆಯ ಸುತ್ತು ಮುಗಿಯುತ್ತದೆ. ಹನ್ನೊಂದು ನೂರು ಪತಂಗಗಳಲ್ಲಿ ಮೂರು ಗಂಡು ಸಿಕ್ಕಿವೆ. ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರು. ಫಕ್ಕೀರವ್ವನ ಮುಖ ಸಪ್ಪಗಾಗುತ್ತದೆ. “ಒಂದ ಇದ್ರ ನಡೀತೈತ್ರಿ. ಮೂರಂದ್ರ ನನ್ನ ಕಣ್ಣು ಹಳೇವಾದ್ವು ಅಂತ” ಎನ್ನುತ್ತಾಳೆ.

ಈ ಕಟ್ಟಡ ಕುಬೇರಪ್ಪ ಎಂಬುವರ ಖಾಸಗಿ ಬಿತ್ತನೆ ಕೋಠಿ. ರೈತರು ಸಾಕುವ ರೇಷ್ಮೆ ಹುಳುವಿನ ಮೊಟ್ಟೆ ತಯಾರಾಗುವುದು ಇಂಥ ಕಡೆ. ನಮ್ಮ ಮೈಸೂರು ತಳಿಯ ಹುಳು ಗಟ್ಟಿ. ಬಿಸಿಲು, ಬರ, ಒಣ ಸೊಪ್ಪು ಎಲ್ಲವನ್ನೂ ತಡೆಯುತ್ತದೆ. ಆದರೆ ಅದರ ಹಸಿರುಹಳದಿ ಗೂಡಿನಲ್ಲಿ ನೂಲು ಕಡಿಮೆ. ಹೊರಗಿನಿಂದ ಬಂದ ಬಿಳಿ ಗೂಡಿನ ತಳಿಯಲ್ಲಿ ನೂಲು ಹೆಚ್ಚು, ತಾಳಿಕೆ ಕಡಿಮೆ. ಮೈಸೂರು ತಳಿಯ ಹೆಣ್ಣಿಗೆ ಬಿಳಿ ತಳಿಯ ಗಂಡನ್ನು ಕೂಡಿಸಿದರೆ ಹುಟ್ಟುವ ಮಿಶ್ರತಳಿ ಎರಡೂ ಕಡೆಯ ಗುಣ ಹೊತ್ತು ಬರುತ್ತದೆ. ಹಾನಗಲ್ಲಿನಿಂದ ರಟ್ಟೀಹಳ್ಳಿಯವರೆಗೆ ಈಗ ಬಹಳಷ್ಟು ರೈತರು ಸಾಕುವುದು ಅದನ್ನೇ.

ಹೀಗೆ ಕೂಡಿಸಬೇಕಾದರೆ ಒಂದು ಮುಖ್ಯ ಕೆಲಸ ಮೊದಲೇ ಆಗಿರಬೇಕು. ಪತಂಗ ಏಳುವ ಕೆಲವು ದಿನ ಮೊದಲು ಗೂಡನ್ನು ಬ್ಲೇಡಿನಿಂದ ಕತ್ತರಿಸಿ, ಒಳಗೆ ಕೋಶವಾಗಿ ಮಲಗಿರುವ ಹುಳುವನ್ನು ಹೊರತೆಗೆದು, ಅದು ಗಂಡೋ ಹೆಣ್ಣೋ ಎಂದು ನೋಡಿ ಬೇರೆ ಮಾಡಬೇಕು. ಆಗ ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ಹುರಿದ ಹುಣಸೆ ಬೀಜದಂತೆ ಕಾಣುತ್ತದೆ. ಹೊಟ್ಟೆಯ ತುದಿಯ ಒಂದು ಸುತ್ತಿನಲ್ಲಿ ಕತ್ತರಿಯಾಕಾರದ ಗೆರೆಯಿದ್ದರೆ ಹೆಣ್ಣು. ಅದರ ಕೆಳಗಿನ ಸುತ್ತಿನಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಯಿದ್ದರೆ ಗಂಡು. ಫಕ್ಕೀರವ್ವ ದಿನಕ್ಕೆ ನಾಲ್ಕು ಸಾವಿರ ಹುಳುಗಳ ಹೊಟ್ಟೆ ನೋಡುತ್ತಾಳೆ. ನೂರಕ್ಕೆ ಒಂದು ತಪ್ಪಿದರೆ ಹೆಚ್ಚು. ಹದಿಮೂರು ವರ್ಷದಲ್ಲಿ ಆಕೆಯ ಕೈಯಲ್ಲಿ ಹಾದುಹೋದ ಹುಳುಗಳು ಮುಕ್ಕಾಲು ಕೋಟಿಗೆ ಕಡಿಮೆಯಿಲ್ಲ ಎಂದು ಕೋಠಿಯ ಮೇಲ್ವಿಚಾರಕ ಗುರುರಾಜರು ಅಂದಾಜು ಹೇಳುತ್ತಾರೆ.

ಮೊಟ್ಟೆಯ ಹಾಳೆಯ ಮೇಲೆ ಕೋಠಿಯ ಮುದ್ರೆಯಿರುತ್ತದೆ, ತಳಿಯ ಹೆಸರಿರುತ್ತದೆ, ತಾರೀಖಿರುತ್ತದೆ. ಆಕೆಯ ಹೆಸರು ಅಲ್ಲೆಲ್ಲೂ ಇಲ್ಲ. ಆಕೆಗೆ ಇರುವುದು ಕೆಮ್ಮು. ಪತಂಗದ ರೆಕ್ಕೆಯಿಂದ ಉದುರುವ ಹಿಟ್ಟಿನಂಥ ಧೂಳು ಎದೆಗೆ ಇಳಿಯುತ್ತದೆ. ಬೆರಳ ತುದಿಗಳಲ್ಲಿ ಬ್ಲೇಡಿನ ಹಳೆಯ ಗಾಯಗಳು ಅಡ್ಡಡ್ಡ ಗೆರೆಯಾಗಿ ಉಳಿದಿವೆ.

ಫಕ್ಕೀರವ್ವ ಹುಟ್ಟಿದ್ದು ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿ. ಈಗ ವಯಸ್ಸು ನಲವತ್ತೆಂಟರ ಆಸುಪಾಸು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹದಿನಾರಕ್ಕೆ ಶಿಗ್ಗಾಂವ ತಾಲೂಕಿನ ಒಂದು ಹಳ್ಳಿಗೆ, ಹೊಲಮನೆ ಗಟ್ಟಿಯಾಗಿದ್ದ ಕುಟುಂಬಕ್ಕೆ ಕೊಟ್ಟರು. ಗಂಡ ಶಂಕ್ರಪ್ಪ ನಾಲ್ಕು ಹೆಣ್ಣಿನ ಮೇಲೆ ಹುಟ್ಟಿದ ಒಬ್ಬನೇ ಮಗ. ಹಾಗಾಗಿ ಮೊಮ್ಮಗನ ಕಡೆ ಅತ್ತೆ ವೀರವ್ವನ ಕಣ್ಣು ಮದುವೆಯ ಮರುದಿನದಿಂದಲೇ ನೆಟ್ಟಿತ್ತು.

ಮೊದಲನೆಯದು ಹೆಣ್ಣಾಯಿತು. ಎರಡನೆಯದೂ ಹೆಣ್ಣಾಯಿತು. ಮೂರನೆಯದಕ್ಕೆ ಅತ್ತೆ ಸವಣೂರಿನ ದರ್ಗಾಕ್ಕೂ ಹೋಗಿ ಬಂದಳು, ಮಠಕ್ಕೂ ಹೋಗಿ ಬಂದಳು. ಮೂರನೆಯದೂ ಹೆಣ್ಣಾದ ದಿನ ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತು, “ನಿನ್ನ ಹೊಟ್ಟಿಯೊಳಗ ಗಂಡಿಗೆ ಜಾಗಾನ ಇಲ್ಲ ಬಿಡು” ಎಂದಳು. ೧೯೭೦ರಲ್ಲಿ ಶಂಕ್ರಪ್ಪ ಸರೋಜವ್ವ ಎಂಬ ಹತ್ತೊಂಬತ್ತರ ಹುಡುಗಿಯನ್ನು ಮಾಡಿಕೊಂಡ. ಫಕ್ಕೀರವ್ವನನ್ನು ಯಾರೂ ಹೊರಗೆ ಹಾಕಲಿಲ್ಲ. ಇರು ಎಂದೂ ಅನ್ನಲಿಲ್ಲ. ಮೂರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಆಕೆ ಹಿರೇಕೆರೂರಿನಲ್ಲಿದ್ದ ಚಿಕ್ಕವ್ವನ ಮನೆಗೆ ಬಂದಳು. ನಾಲ್ಕು ವರ್ಷ ಸಿಕ್ಕ ಸಿಕ್ಕ ಹೊಲದಲ್ಲಿ ಕಳೆ ತೆಗೆದಳು.

೧೯೭೪ರಲ್ಲಿ ಕುಬೇರಪ್ಪನವರು ಕೋಠಿ ತೆರೆದಾಗ ಕಸ ಹೊಡೆಯಲು ಸೇರಿಕೊಂಡಳು. ಗಂಡು ಹೆಣ್ಣು ಬೇರ್ಪಡಿಸುವುದನ್ನು ಕಲಿಸಲು ದಕ್ಷಿಣದ ಕಡೆಯಿಂದ ಒಬ್ಬ ನುರಿತವರನ್ನು ಕರೆಸಿದ್ದರು. ಅವರು ನಾಲ್ಕು ಜನ ಗಂಡಸರಿಗೆ ಕಲಿಸುತ್ತಿದ್ದರು. ಕಲಿಯುವವರು ನೋಡಿ ಬಿಸಾಕಿದ ಹುಳುಗಳು ಫಕ್ಕೀರವ್ವನ ಕಸದ ಬುಟ್ಟಿಗೆ ಬರುತ್ತಿದ್ದವು. ಮೂರು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಆ ಗುರು ಕಲಿತವರ ಪರೀಕ್ಷೆಗೆಂದು ಮೇಜಿನ ಮೇಲೆ ನಲವತ್ತು ಹುಳು ಹರಡಿದರು. ಗಂಡಸರು ಐದು, ಏಳು, ಹತ್ತು ತಪ್ಪಿದರು. ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಫಕ್ಕೀರವ್ವ ತಡೆಯಲಾರದೆ, “ಅಲ್ರೀ, ಅದ್ರ ಹೊಟ್ಟಿ ಮ್ಯಾಲ ಕತ್ರಿ ಇಟ್ಟಂಗ ಐತೆಲ್ಲ, ಕಾಣವಲ್ದೇನು?” ಎಂದುಬಿಟ್ಟಳು. ಆ ಗುರು ಪೊರಕೆ ಇಡಿಸಿ ಆಕೆಯನ್ನು ಕೂರಿಸಿದರು. ನಲವತ್ತಕ್ಕೆ ನಲವತ್ತೂ ಸರಿಯಾದವು.

“ಯಾರೂ ಕಲಿಸ್ಲಿಲ್ರಿ. ಕಸದಾಗ ನೋಡ್ಕೊಂತ ಕುಂತಿದ್ನಿ, ಅಷ್ಟ” ಎಂದು ಈಗ ನಗುತ್ತಾಳೆ.

ಐದಾರು ವರ್ಷ ನೆಮ್ಮದಿಯಿಂದ ಹೋದವು. ಆಮೇಲೆ ಬಂದದ್ದನ್ನು ಹೇಳಲು ಫಕ್ಕೀರವ್ವ ಮೊದಮೊದಲು ಒಪ್ಪಲಿಲ್ಲ. “ನಾ ಮಾಡಿದ ತಪ್ಪೂ ಬರೀತೀರಿ ಅಂದ್ರ ಹೇಳ್ತೇನಿ” ಎಂದು ಷರತ್ತು ಹಾಕಿ ಹೇಳಿದಳು.

೧೯೭೯ರಲ್ಲಿ ಗುರುರಾಜರು ಮೇಲ್ವಿಚಾರಕರಾಗಿ ಬಂದರು. ಸವಣೂರಿನವರು. ಮನೆಯಲ್ಲಿ ತಲೆಮಾರುಗಳಿಂದ ಶಾಸ್ತ್ರ ಓದಿಕೊಂಡು ಬಂದವರು, ಇವರು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದವರು. ಯಾರು ಏನು ಕೇಳಿದರೂ ಕೂತು ವಿವರಿಸುವ ಚಟ. ಮರು ವರ್ಷ ಜೂನ್‌ನಲ್ಲಿ ಒಂದು ದಿನ ಚಹಾದ ಹೊತ್ತಿಗೆ ಫಕ್ಕೀರವ್ವ ಸುಮ್ಮನೆ ಬಾಯಿಗೆ ಬಂದದ್ದನ್ನು ಕೇಳಿದಳು: “ರಾಯರ, ಒಂದ ತಾಯಿ ಇಟ್ಟ ಮೊಟ್ಟಿಯೊಳಗ ಅರ್ಧ ಗಂಡು, ಅರ್ಧ ಹೆಣ್ಣು ಹೆಂಗ ಬರ್ತಾವ್ರಿ?”

ಗುರುರಾಜರು ಕಾಗದದ ಮೇಲಿದ್ದ ಶೇಂಗಾ ಮತ್ತು ಪುಠಾಣಿಯನ್ನು, ಅಂದರೆ ಹುರಿಗಡಲೆಯನ್ನು, ಮುಂದಕ್ಕೆ ಎಳೆದುಕೊಂಡರು. ಜೀವಿಯ ಮೈಯ ಪ್ರತಿಯೊಂದು ಕಣದಲ್ಲೂ ಅಪ್ಪ ಅವ್ವನಿಂದ ಬಂದ ಸಣ್ಣ ಎಳೆಗಳು ಇರುತ್ತವೆ, ಅವನ್ನು ವರ್ಣತಂತು ಎನ್ನುತ್ತಾರೆ, ಅದರಲ್ಲಿ ಒಂದು ಜೋಡಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುತ್ತದೆ ಎಂದು ಹೇಳಿ ಎರಡು ಸಾಲು ಇಟ್ಟರು.

“ನೋಡು, ಗಂಡು ಹುಳದ ಹತ್ರ ಎರಡೂ ಶೇಂಗಾ ಅವ. ಹೆಣ್ಣ ಹುಳದ ಹತ್ರ ಒಂದು ಶೇಂಗಾ, ಒಂದು ಪುಠಾಣಿ. ಒಂದೊಂದು ಮೊಟ್ಟಿಗೆ ಅಪ್ಪ ಒಂದು ಕೊಡ್ತಾನ, ಅವ್ವ ಒಂದು ಕೊಡ್ತಾಳ. ಅಪ್ಪನ ಹತ್ರ ಕೊಡ್ಲಿಕ್ಕೆ ಶೇಂಗಾ ಬಿಟ್ರ ಮತ್ತೇನದ? ಅವ್ವ ಶೇಂಗಾ ಕೊಟ್ರ ಗಂಡು, ಪುಠಾಣಿ ಕೊಟ್ರ ಹೆಣ್ಣು.”

“ಅಂದ್ರ ತಾಯಿ ಕೊಟ್ಟಂಗ?” ಎಂದಳು ಫಕ್ಕೀರವ್ವ.

“ಹೌದು. ಪೂರಾ ತಾಯಿ ಕೊಟ್ಟಂಗ.”

ಅಷ್ಟರಲ್ಲಿ ಕುಬೇರಪ್ಪನವರು ಕರೆದರು, ಗುರುರಾಜರು ಎದ್ದು ಹೋದರು. ಮರುದಿನ ಅವರು ಮೂರು ತಿಂಗಳ ತರಬೇತಿಗೆಂದು ಮೈಸೂರಿಗೆ ಹೊರಟರು. ಮಾತು ಅರ್ಧಕ್ಕೆ ನಿಂತದ್ದು ಅವರಿಗೆ ಗೊತ್ತೇ ಇರಲಿಲ್ಲ.

ಫಕ್ಕೀರವ್ವ ಆ ಶೇಂಗಾ ಪುಠಾಣಿಯನ್ನು ತಲೆಯೊಳಗೆ ಇಟ್ಟುಕೊಂಡು ಮನೆಗೆ ಹೋದಳು. ಹತ್ತು ವರ್ಷ ಆಕೆ ಅತ್ತೆಯ ಮಾತನ್ನು ನಂಬಿರಲಿಲ್ಲ. ಮೈಯಲ್ಲಿ ಕಸುವಿದ್ದಷ್ಟು ಹೊತ್ತು, ಅದು ದೇವರ ಕೈಯಾಟ, ಯಾರ ತಪ್ಪೂ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡು ಬದುಕಿದ್ದಳು. ಈಗ ಓದಿದವರೊಬ್ಬರು ತಾಯಿಯಿಂದಲೇ ಎಂದು ಲೆಕ್ಕ ಹಾಕಿ ತೋರಿಸಿದ್ದರು. ಮನುಷ್ಯರಲ್ಲಿ ಹೇಗೆ ಎಂದು ಕೇಳುವ ಅಗತ್ಯವೇ ಆಕೆಗೆ ಕಾಣಲಿಲ್ಲ. ತಾಯಿ ಎಂದರೆ ತಾಯಿ.

“ಆ ವಾರ ಹೆಣ್ಣ ಹುಳ ಕೈಯಾಗ ಬಂದ್ರ ಹೊಟ್ಟಿ ತಿರುಗಿಸಿ ನೋಡಾಕ ಮನಸ ಬರವಲ್ದು. ಕೈ ನಡೀತಿತ್ತು, ಕಣ್ಣು ಎಲ್ಲೋ ಇತ್ತು” ಎಂದು ನೆನೆಯುತ್ತಾಳೆ.

ಆ ವಾರ ಬೇರ್ಪಡಿಸಿದ ತಟ್ಟೆಗಳಲ್ಲಿ ಪತಂಗ ಎದ್ದ ಬೆಳಗ್ಗೆ ಹೆಣ್ಣಿನ ಕೋಣೆಯ ದೀಪ ಹಾಕಿ ಆಕೆ ಬೆಚ್ಚಿಬಿದ್ದಳು. ಎಲ್ಲಿ ನೋಡಿದರೂ ಪಟಪಟ ರೆಕ್ಕೆ. ನೂರಕ್ಕೂ ಹೆಚ್ಚು ಗಂಡುಗಳು, ಎಲ್ಲ ಮೈಸೂರು ತಳಿಯವೇ. ಆಗಲೇ ಜೋಡಿ ಕಟ್ಟಿದ್ದವು, ಕೆಲವು ಬಿಟ್ಟು ಬೇರೆಯದಕ್ಕೆ ಹೋಗಿದ್ದವು. ಯಾವ ಹೆಣ್ಣಿಗೆ ಗಂಡು ತಾಗಿದೆ, ಯಾವುದಕ್ಕೆ ಇಲ್ಲ ಎಂದು ಹೇಳಲು ದಾರಿಯೇ ಇರಲಿಲ್ಲ.

ಜೊತೆಯವಳು ಸಿದ್ದವ್ವ ಬಾಗಿಲು ಮುಂದೆ ಮಾಡಿದಳು. “ಯಕ್ಕಾ, ಗಂಡು ಆರಿಸಿ ಒಗದುಬಿಡು. ಮೊಟ್ಟಿ ಮೊಟ್ಟಿನ. ಯಾರಿಗೆ ತಿಳೀತೈತಿ?”

ಆ ಮಾತು ನಿಜವಿತ್ತು. ಮೊಟ್ಟೆಯ ಮೇಲುನೋಟ ತಾಯಿಯ ತಳಿಯದೇ ಆದ್ದರಿಂದ ಮಿಶ್ರತಳಿಯದೂ ಬರೀ ಮೈಸೂರಿನದೂ ಒಂದೇ ಥರ. ತಿಳಿಯುವುದು ಒಂದು ತಿಂಗಳ ಮೇಲೆ, ರೈತನ ಮನೆಯಲ್ಲಿ, ಗೂಡು ಸಣ್ಣಗೆ ಹಳದಿಯಾಗಿ ಕಟ್ಟಿದಾಗ. ಅಷ್ಟರಲ್ಲಿ ರೈತ ಸೊಪ್ಪಿನದೋ ಹವೆಯದೋ ತಪ್ಪು ಎಂದುಕೊಂಡಿರುತ್ತಾನೆ.

ಫಕ್ಕೀರವ್ವ ಸಿದ್ದವ್ವನನ್ನು ಸರಿಸಿ ಹೊರಬಂದು ನೇರ ಕುಬೇರಪ್ಪನವರ ಮನೆಗೆ ಹೋದಳು. ಅವರು ಹಲ್ಲುಜ್ಜುತ್ತ ನಿಂತಿದ್ದರು. “ಸಾವಕಾರ್ರ, ಹೆಣ್ಣಿನ ಖೋಲಿ ಪೂರಾ ಕೆಟ್ಟೈತ್ರಿ. ನಾನ ಕೆಡಿಸೇನಿ. ಅದ್ರ ಮೊಟ್ಟಿ ಕೊಡಬ್ಯಾಡ್ರಿ” ಎಂದಳು.

ಕುಬೇರಪ್ಪನವರು ಬಂದು ನೋಡಿ ತಲೆ ಹಿಡಿದುಕೊಂಡರು. ಹದಿನೈದು ಹಳ್ಳಿಯ ರೈತರು ಮನೆ ತೊಳೆದು, ತಟ್ಟೆ ಒಣಗಿಸಿ, ಮೊಟ್ಟೆಗಾಗಿ ಕಾಯುತ್ತಿದ್ದರು. “ಅವರಿಗೆ ಏನಂತ ಹೇಳ್ಲಿ? ಕೋಠಿ ಮುಚ್ಚೇನಿ ಅಂತ ಹೇಳ್ಲೇನು?” ಎಂದು ಕೂಗಾಡಿದರು. ಆದರೂ ಕೋಣೆಯ ಅಷ್ಟೂ ಪತಂಗಗಳನ್ನು ಗುಂಡಿಗೆ ಹಾಕಿಸಿದರು. ಫಕ್ಕೀರವ್ವನ ಕೈಯಿಂದ ಬ್ಲೇಡು ತೆಗೆದುಕೊಂಡು ಪೊರಕೆ ಕೊಟ್ಟರು. ಅದನ್ನು ಆಕೆ ಈಗಲೂ ಸರಿ ಎನ್ನುತ್ತಾಳೆ. “ಬಿಡಿಸಿ ಕಳಸ್ಲಿಲ್ಲಲ್ರಿ, ಅದ ದೊಡ್ಡದು.”

ಪೊರಕೆ ಹಿಡಿದ ಆ ದಿನಗಳಲ್ಲೇ ಒಂದು ಸೋಮವಾರ ರಜೆ ಕೇಳಿ, ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ, ಹತ್ತು ವರ್ಷದ ಮೇಲೆ ಗಂಡನ ಊರಿಗೆ ಹೋದಳು. ಕಟ್ಟೆಯ ಮೇಲೆ ವೀರವ್ವ ಕೂತಿದ್ದಳು, ಮುದುಕಿಯಾಗಿದ್ದಳು. ಬಾಗಿಲಲ್ಲಿ ಸರೋಜವ್ವ ನಿಂತಿದ್ದಳು. ಎರಡು ಹೆಣ್ಣು ಹಡೆದು, ಈಗ ಮೂರನೆಯದಕ್ಕೆ ಆರು ತಿಂಗಳು. ಫಕ್ಕೀರವ್ವ ಅತ್ತೆಯ ಕಾಲು ಮುಟ್ಟಿದಳು.

“ನೀವು ಅಂದದ್ದ ಖರೇ ಐತ್ರಿ ಅತ್ತಿ. ತಾಯಿಯಿಂದನ ಬರತೈತಂತ. ಶಾಣ್ಯಾರು ಹೇಳ್ಯಾರ. ನಿಮ್ಮ ಮ್ಯಾಲ ಇಷ್ಟು ವರ್ಸ ಸಿಟ್ಟು ಇಟ್ಕೊಂಡಿದ್ನಿ, ತಪ್ಪಾತು.”

ವೀರವ್ವ ಸರೋಜವ್ವನ ಕಡೆ ತಿರುಗಿ, “ಕೇಳಿದೆಲ್ಲ?” ಎಂದಳು. ಸರೋಜವ್ವ ತಲೆ ತಗ್ಗಿಸಿ ಒಳಗೆ ಹೋದಳು. ಫಕ್ಕೀರವ್ವ ಚಹಾ ಕುಡಿದು, ಭಾರ ಇಳಿಸಿಕೊಂಡವಳಂತೆ ಸಂಜೆಯ ಬಸ್ಸಿಗೆ ಹಿರೇಕೆರೂರಿಗೆ ಮರಳಿದಳು. ಇಳಿಸಿದ ಭಾರ ಯಾರ ತಲೆಯ ಮೇಲೆ ಕೂತಿತು ಎಂದು ಆಗ ಹೊಳೆಯಲಿಲ್ಲ.

ಸೆಪ್ಟೆಂಬರಿನ ಕೊನೆಗೆ ಗುರುರಾಜರು ವಾಪಸಾದರು. ಕೋಠಿಯ ಅತ್ಯುತ್ತಮ ಕೈ ಪೊರಕೆ ಹಿಡಿದಿರುವುದನ್ನು ಕಂಡು ಕಾರಣ ಕೇಳಿದರು. ಫಕ್ಕೀರವ್ವ ಎಲ್ಲ ಹೇಳಿದಳು: ಮೂರು ಹೆಣ್ಣು, ಅತ್ತೆಯ ಮಾತು, ಶೇಂಗಾ ಪುಠಾಣಿ, ಕೆಟ್ಟ ಕೋಣೆ, ಊರಿಗೆ ಹೋಗಿ ಬಂದದ್ದು.

ಗುರುರಾಜರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿಬಿಟ್ಟರು. “ಫಕ್ಕೀರವ್ವ, ನಾ ಹುಳದ್ದು ಹೇಳಿದ್ನಲ್ಲ! ಮನಶ್ಯಾರೊಳಗ ಅದು ಉಲ್ಟಾ ಅದ.”

“ಉಲ್ಟಾ ಅಂದ್ರ?”

“ಮನಶ್ಯಾರೊಳಗ ಹೆಂಗಸಿನ ಹತ್ರ ಎರಡೂ ಶೇಂಗಾ. ಗಂಡಸಿನ ಹತ್ರ ಒಂದು ಶೇಂಗಾ, ಒಂದು ಪುಠಾಣಿ. ಹೆಂಗಸು ಕೊಡೋದು ಯಾವಾಗಲೂ ಶೇಂಗಾನ. ಗಂಡಸಿಂದು ಶೇಂಗಾ ಬಂದ್ರ ಹೆಣ್ಣು, ಪುಠಾಣಿ ಬಂದ್ರ ಗಂಡು. ನಿನ್ನ ಮೂರೂ ಮಕ್ಕಳಿಗೆ ನೀ ಕೊಟ್ಟದ್ದು ಒಂದ ಥರದ್ದು. ಬ್ಯಾರೆ ಕೊಡ್ಲಿಕ್ಕೆ ನಿನ್ನ ಹತ್ರ ಇರ್ಲೇ ಇಲ್ಲ.”

ರೇಷ್ಮೆ ಹುಳು, ಚಿಟ್ಟೆ, ಕೋಳಿ, ಗುಬ್ಬಿ ಇವುಗಳಲ್ಲಿ ಬೇರೆ ಬೇರೆ ಎಳೆ ಇರುವುದು ಹೆಣ್ಣಿಗೆ. ಮನುಷ್ಯ, ದನ, ಕುರಿ, ನಾಯಿಗಳಲ್ಲಿ ಗಂಡಿಗೆ. ಎರಡೂ ಒಂದೇ ಎಂದು ಗೊಂದಲವಾಗಬಾರದೆಂದೇ ವಿಜ್ಞಾನಿಗಳು ಮನುಷ್ಯರ ಎಳೆಗಳನ್ನು ಎಕ್ಸ್, ವೈ ಎಂದೂ ಹುಳುವಿನ ಎಳೆಗಳನ್ನು ಝಡ್, ಡಬ್ಲ್ಯೂ ಎಂದೂ ಕರೆದಿದ್ದಾರೆ ಎಂದು ಗುರುರಾಜರು ವಿವರಿಸಿದರು. ಆ ಅಕ್ಷರಗಳು ಫಕ್ಕೀರವ್ವನ ಕಿವಿಗೆ ಬೀಳಲಿಲ್ಲ. ಆಕೆ ಬೇರೊಂದು ಪ್ರಶ್ನೆ ಕೇಳಿದಳು.

“ಯಾವದು ಹೋಗಬೇಕು ಅಂತ ಗಂಡಸಿಗೆ ತಿಳದಿರತೈತೇನ್ರಿ?”

“ಇಲ್ಲ. ಅವನ ಕೈಯಾಗೂ ಇಲ್ಲ. ರೂಪಾಯಿ ಮ್ಯಾಲೆ ಹಾರಿಸಿದಂಗ. ಒಂದೊಂದ ಸಲ ಮೂರೂ ಸರ್ತಿ ಒಂದ ಕಡೆ ಬೀಳ್ತದ.”

ಅತ್ತಳೇ ಎಂದು ಕೇಳಿದರೆ ಫಕ್ಕೀರವ್ವ ತಲೆಯಾಡಿಸುತ್ತಾಳೆ. “ಅಳಾಕ ಪುರಸೊತ್ತು ಎಲ್ಲಿತ್ರಿ? ನನಗ ಮೊದಲ ನೆನಪಾದದ್ದು ಸರೋಜವ್ವ. ನನ್ನ ಬಾಯಿಲೆ ನಾನ ಆಕಿ ಕುತಗಿಗೆ ಹಗ್ಗ ಹಾಕಿ ಬಂದಿದ್ನೆಲ್ಲ.”

ಮರುದಿನದ ಮೊದಲ ಬಸ್ಸಿಗೆ ಮತ್ತೆ ಹೊರಟಳು. ಹೆದರಿದ್ದೇ ಆಗಿತ್ತು. ಸರೋಜವ್ವ ಹಡೆದು ಎಂಟು ದಿನವಾಗಿತ್ತು, ಮೂರನೆಯದೂ ಹೆಣ್ಣು. ಅಮಾವಾಸ್ಯೆ ಕಳೆದ ಮೇಲೆ ತಾಯಿ ಮಕ್ಕಳನ್ನು ತವರಿಗೆ ಬಿಟ್ಟು ಬರುವುದು, ಶಂಕ್ರಪ್ಪನಿಗೆ ಮತ್ತೊಂದು ಕಡೆ ನೋಡುವುದು ಎಂದು ಮಾತಾಗಿತ್ತು. ಆ ಮಾತಿಗೆ ಮನೆಯವರು ಕೊಡುತ್ತಿದ್ದ ಸಾಕ್ಷಿ ಒಂದೇ: ದೊಡ್ಡಾಕಿ ಫಕ್ಕೀರವ್ವನೇ ಬಂದು ಕಾಲಿಗೆ ಬಿದ್ದು ಒಪ್ಪಿಕೊಂಡು ಹೋಗಿದ್ದಾಳೆ.

ವೀರವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಶಂಕ್ರಪ್ಪ ಕಂಬಕ್ಕೆ ಒರಗಿ ಕೂತಿದ್ದ. ಫಕ್ಕೀರವ್ವ ಕೂರಲಿಲ್ಲ. ಹೋದ ಸಲ ತಾನು ಹೇಳಿದ್ದು ಹುಳುವಿನ ಮಾತು, ಮನುಷ್ಯರದ್ದು ಅದಕ್ಕೆ ತಿರುಗಮುರುಗ ಎಂದಳು. ಅತ್ತೆಯ ಮೊರದಿಂದಲೇ ಮೂರು ಜೋಳ, ಅದರಲ್ಲಿ ಬೆರೆತಿದ್ದ ಒಂದು ತೊಗರಿ ಆರಿಸಿ ನೆಲದ ಮೇಲಿಟ್ಟು, ಗುರುರಾಜರು ತೋರಿಸಿದಂತೆಯೇ ತೋರಿಸಿದಳು.

ಶಂಕ್ರಪ್ಪ ನಕ್ಕ. “ಹುಳದ ಆಟ ಮನಶ್ಯಾರಿಗೆ ಹಚ್ಚಾಕ ಬಂದೀಯೇನು?”

“ಹಚ್ಚಿದಾಕಿ ನಾನ. ಅದಕ್ಕ ಬಂದೇನಿ, ಬಿಡಸಾಕ” ಎಂದಳು ಫಕ್ಕೀರವ್ವ. “ನಿಮ್ಮದೂ ತಪ್ಪು ಅಂತ ಹೇಳಾಕ ಬಂದಿಲ್ಲ. ಅದು ಯಾರ ಕೈಯಾಗೂ ಇಲ್ಲಂತ. ಆದ್ರ ಆಕಿದಂತೂ ಅಲ್ಲ. ಇನ್ನೊಬ್ಬಾಕಿನ್ನ ತಂದ್ರೂ ಆಕಿ ಹತ್ರಾನೂ ಬರೇ ಜೋಳಾನ ಇರತೈತಿ.”

ಶಂಕ್ರಪ್ಪನ ನಗು ನಿಂತಿತು. ಎದ್ದು ಹೊರಗೆ ಹೋದ. ವೀರವ್ವ ನೆಲದ ಮೇಲಿನ ಕಾಳುಗಳನ್ನೇ ನೋಡುತ್ತಿದ್ದಳು. ತಲೆ ಎತ್ತದೆ ಕೇಳಿದಳು: “ಹಂಗಾರ ನನ್ನವು? ಅವು ನಾಕೂ?”

“ನಿಮ್ಮವೂ ಹಂಗ ಅತ್ತಿ.”

“ನಾಕನೇದ್ದಕ್ಕ ನನ್ನ ದನದ ಕೊಟ್ಟಿಗ್ಯಾಗ ಹಾಕಿದ್ರು” ಎಂದಳು ಮುದುಕಿ. ಯಾರಿಗೆ ಹೇಳಿದಳೋ ತಿಳಿಯಲಿಲ್ಲ. “ಐದನೇದು ಇವಾ ಹುಟ್ಟಲಿಲ್ಲಂದ್ರ ಅಲ್ಲೇ ಇರ್ತಿದ್ನಿ.” ಆಮೇಲೆ ಮೊರವನ್ನು ಗೋಡೆಗೆ ಆನಿಸಿ, ಮೊಣಕಾಲು ಹಿಡಿದುಕೊಂಡು ಎದ್ದಳು. “ಬಾಣಂತಿಗೆ ನೀರು ಕಾಸೂ ಹೊತ್ತಾತು” ಎಂದು ಬಚ್ಚಲ ಕಡೆ ನಡೆದಳು.

ಫಕ್ಕೀರವ್ವನಿಗೆ ಆಕೆ ಕೂತುಕೋ ಎನ್ನಲಿಲ್ಲ, ಊಟಕ್ಕೂ ಏಳು ಎನ್ನಲಿಲ್ಲ. ಆದರೆ ಸರೋಜವ್ವ ತವರಿಗೆ ಹೋಗಲಿಲ್ಲ. ಅಮಾವಾಸ್ಯೆ ಕಳೆಯಿತು, ದೀಪಾವಳಿ ಕಳೆಯಿತು, ಮತ್ತೊಂದು ಹೆಣ್ಣು ನೋಡುವ ಮಾತು ಆ ಮನೆಯಲ್ಲಿ ಏಳಲಿಲ್ಲ. ಶಂಕ್ರಪ್ಪ ತಾಯಿಯ ಜೊತೆ ವರ್ಷಗಟ್ಟಲೆ ಸರಿಯಾಗಿ ಮಾತಾಡಲಿಲ್ಲವಂತೆ. ವೀರವ್ವ ೧೯೮೪ರಲ್ಲಿ ತೀರಿಕೊಂಡಾಗ ಫಕ್ಕೀರವ್ವನಿಗೆ ಸುದ್ದಿ ಮುಟ್ಟಿಸಿದವಳು ಸರೋಜವ್ವನೇ. ಆಕೆಗೆ ಗಂಡು ಹುಟ್ಟಲೇ ಇಲ್ಲ. ಮೂವರು ಹೆಣ್ಣುಮಕ್ಕಳಲ್ಲಿ ಹಿರಿಯವಳು ಈಗ ಶಿಗ್ಗಾಂವಕ್ಕೆ ಬಸ್ಸಿನಲ್ಲಿ ಹೋಗಿ ಕಾಲೇಜು ಓದುತ್ತಿದ್ದಾಳೆ.

“ಬಾ ಅಂತ ಯಾರೂ ಕರೀಲಿಲ್ಲ, ನಾನೂ ಹೋಗ್ಲಿಲ್ಲ” ಎನ್ನುತ್ತಾಳೆ ಫಕ್ಕೀರವ್ವ. ದನಿಯಲ್ಲಿ ದೂರಿಲ್ಲ. “ನನ್ನ ಮನಿ ಇಲ್ಲೈತಿ, ಕೆಲಸ ಇಲ್ಲೈತಿ.” ತನ್ನ ಹಿರಿಯ ಮಗಳನ್ನು ಅಕ್ಕಿಆಲೂರಿಗೆ ಕೊಟ್ಟಿದ್ದಾಳೆ. ನಡುವಿನವಳು ಇದೇ ಕೋಠಿಯಲ್ಲಿ ಮೊಟ್ಟೆ ಹಾಳೆ ನೋಡಿಕೊಳ್ಳುತ್ತಾಳೆ. ಕಿರಿಯವಳು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ.

ಗುರುರಾಜರು ಮೈಸೂರಿನಿಂದ ವಾಪಸು ಬಂದ ವಾರದಲ್ಲೇ ಕುಬೇರಪ್ಪನವರು ಬ್ಲೇಡನ್ನು ಫಕ್ಕೀರವ್ವನ ಕೈಗೆ ವಾಪಸು ಕೊಟ್ಟರು. ಆಮೇಲೆ ಕೋಠಿಯಲ್ಲಿ ಗಂಡಸರನ್ನು ಈ ಕೆಲಸಕ್ಕೆ ತೆಗೆದುಕೊಂಡಿಲ್ಲ. ಆಕೆಯಿಂದ ಕಲಿತ ಇಪ್ಪತ್ತೆರಡು ಹೆಂಗಸರು ಈಗ ಸುತ್ತಲಿನ ತಾಲೂಕುಗಳಲ್ಲಿ ದುಡಿಯುತ್ತಿದ್ದಾರೆ. ಕಲಿಯಲು ಬಂದ ಪ್ರತಿಯೊಬ್ಬಳಿಗೂ ಫಕ್ಕೀರವ್ವ ಮೊದಲ ದಿನ ಕತ್ತರಿ ಗುರುತು, ಚುಕ್ಕಿ ಗುರುತು ತೋರಿಸುತ್ತಾಳೆ. ಎರಡನೆಯ ದಿನ ಹುಳುವಿನದ್ದು ಹೇಗೆ, ಮನುಷ್ಯರದ್ದು ಹೇಗೆ ಎಂದು ಬೇರೆ ಬೇರೆ ಮಾಡಿ ಹೇಳುತ್ತಾಳೆ. ಒಂದನ್ನು ಹೇಳಿ ಇನ್ನೊಂದನ್ನು ನಾಳೆಗೆ ಇಡುವುದಿಲ್ಲ.

ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಹೆಣ್ಣು ಹಡೆದವರು, ಹಡೆದವರ ಅವ್ವಂದಿರು ಕೋಠಿಯ ಬಾಗಿಲಿಗೆ ಬರುವುದುಂಟು. ಎಲ್ಲರೂ ಒಪ್ಪುತ್ತಾರೆಂದಲ್ಲ. ಹೋದ ವರ್ಷ ಚಿಕ್ಕೇರೂರಿನ ಒಬ್ಬ ಅತ್ತೆ ಪೂರ್ತಿ ಕೇಳಿಸಿಕೊಂಡು, “ನನ್ನ ಮಗಗ ಕುಂದು ಹಚ್ಚತೀಯೇನು?” ಎಂದು ಬೈದು, ಸೊಸೆಯ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಆ ಸೊಸೆ ಮುಂದೆ ಏನಾದಳೋ ಫಕ್ಕೀರವ್ವನಿಗೆ ಗೊತ್ತಿಲ್ಲ. ಗುರುತು ಸಿಕ್ಕವರನ್ನೆಲ್ಲ ಕೇಳಿದ್ದಾಳೆ, ಸುಳಿವಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಅತ್ತೆಯ ಮೇಲೆ ಸಿಟ್ಟು ಉಳಿದಿದೆಯೇ? “ನಾ ಹುಳ ಆಗಿದ್ರ ಆಕಿ ಮಾತು ಖರೇನ ಆಗ್ತಿತ್ತಲ್ರಿ. ಆಕಿಗೆ ಹೇಳಾವ್ರು ಇರಲಿಲ್ಲ. ನನಗ ಹೇಳಾವ್ರು ಸಿಕ್ರು. ಅಷ್ಟ ಫರಕು.”

ಹತ್ತು ಗಂಟೆಯಾಗಿದೆ. ಬಿಳಿ ತಳಿಯ ಗಂಡುಗಳನ್ನು ಹೆಣ್ಣುಗಳ ತಟ್ಟೆಗೆ ಬಿಟ್ಟು ಮೂರು ತಾಸಾಯಿತು. ಈಗ ಜೋಡಿಗಳನ್ನು ಬಿಡಿಸುವ ಹೊತ್ತು. ಹೆಣ್ಣನ್ನು ಒಂದೊಂದಾಗಿ ಹಾಳೆಯ ಮೇಲಿಟ್ಟು ಕಪ್ಪು ಬಟ್ಟಲು ಕವುಚಬೇಕು. ಒಂದೊಂದೂ ನಾಳೆ ಬೆಳಗಾಗುವುದರೊಳಗೆ ನಾನೂರರಷ್ಟು ಮೊಟ್ಟೆ ಇಡುತ್ತದೆ. ಫಕ್ಕೀರವ್ವ ಏಳುತ್ತಾಳೆ. ಆಸೆ ಏನಾದರೂ ಇದೆಯೇ ಎಂದು ಕೇಳಿದ್ದಕ್ಕೆ, ಬಾಗಿಲವರೆಗೆ ಹೋದವಳು ತಿರುಗಿ ನಿಲ್ಲುತ್ತಾಳೆ.

“ದವಾಖಾನಿ ಗ್ವಾಡಿ ಮ್ಯಾಲ ಎರಡ ಮಕ್ಕಳು ಸಾಕು ಅಂತ ಬರಸ್ಯಾರಲ್ರಿ, ತಾಯಿ, ತಂದಿ, ಕೂಸು ಚಿತ್ರ ತಗದು? ಹಂಗ, ಹೆಣ್ಣು ಹುಟ್ಟಿದ್ರ ತಾಯಿ ತಪ್ಪಲ್ಲ ಅಂತ ಇದನ್ನೂ ಒಂದ ಬರಸ್ರಿ ಅಂತ ಹೇಳ್ರಿ. ಪೇಪರಿನ್ಯಾಗ ನೀವು ಹೇಳಿದ್ರ ಕೇಳ್ತಾರ. ನನಗ ಓದಾಕ ಬರಂಗಿಲ್ಲ, ಹಡ್ಯಾಕ ಬಂದ ಭಾಳ ಮಂದಿಗೂ ಬರಂಗಿಲ್ಲ. ಅದಕ್ಕ ಹೆರಿಗಿ ಖೋಲಿ ಹೊರಗ, ಗಂಡಸ್ರು ಬೀಡಿ ಸೇದಕೊಂತ ಕುಂದರೂ ಕಟ್ಟಿ ಐತೆಲ್ಲ, ಅದ್ರ ಎದುರಿನ ಗ್ವಾಡಿಗೆ ಬರಸ್ರಿ.”